ಕಾಂಬಿನೇಷನ್ ಆರಿಸುವ ಮೊದಲು ಪದವಿಯ ಕಡೆಯಿಂದ ಹಿಂದಕ್ಕೆ ಬನ್ನಿ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ವಾರ ನಮ್ಮ ಮನೆಯ ಜಗಲಿಯಲ್ಲಿ ಛತ್ರಿಗಳ ಸಾಲು. ಪಿಯು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳುವವನು ನಾನು. ಊರಿನವರ ಲೆಕ್ಕದಲ್ಲಿ ಮೇಷ್ಟ್ರು ಅಂದರೆ ಎಲ್ಲ ಕಾಂಬಿನೇಷನ್ನಿಗೂ ಮೇಷ್ಟ್ರು. ಈಚೆಗೊಂದು ಮೇ ತಿಂಗಳಲ್ಲಿ ಕೊಡಗಿನ ನಾಪೋಕ್ಲು ಕಡೆಯ ಒಬ್ಬರು ಮಗಳನ್ನು ಕರೆದುಕೊಂಡು ಬಂದರು. 625ಕ್ಕೆ 541. ವಿಜ್ಞಾನ 88, ಗಣಿತ 71.

"ಸಾರ್, ಪಿಸಿಎಂಬಿಗೆ ಹಾಕ್ತೇನೆ. ಎಲ್ಲಾ ದಾರಿ ಇರ್ತದಲ್ಲಾ" ಅಂದರು ಅಪ್ಪ. ಪಿಸಿಎಂಬಿ ಅಂದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಸೇರಿದ ಗುಂಪು.

ಮಗಳು ಏನೂ ಹೇಳಲಿಲ್ಲ. ಅಪ್ಪ ಕಾಫಿ ಲೋಟ ಇಡಲು ಒಳಗೆ ಹೋದಾಗ ಮೆಲ್ಲಗೆ ಅಂದಳು: "ನನಗೆ ಲೆಕ್ಕ ಆಗೋದಿಲ್ಲ ಸಾರ್. ಕಾಡು, ಮರ ಅಂದ್ರೆ ಇಷ್ಟ."

ಇಬ್ಬರ ಮಾತಿನಲ್ಲೂ ಅರ್ಧ ಸತ್ಯವಿತ್ತು. ಉಳಿದ ಅರ್ಧವನ್ನು ಬಿಡಿಸಿ ಹೇಳಲು ಅವತ್ತು ಒಂದು ಗಂಟೆ ಬೇಕಾಯಿತು. ಆ ಮಾತುಗಳೇ ಇಲ್ಲಿವೆ.

ನಮ್ಮಲ್ಲಿ ಕಾಂಬಿನೇಷನ್ ಆಯ್ಕೆ ನಡೆಯುವುದು ಮೂರು ಕಾರಣಕ್ಕೆ: ಬಸ್ ಎಲ್ಲಿವರೆಗೆ ಇದೆ, ಅಕ್ಕನ ಮಗ ಏನು ಓದಿದ, ಗೆಳತಿ ಎಲ್ಲಿ ಸೇರಿದಳು. ಬಸ್ಸಿನ ಕಾರಣವನ್ನು ನಾನು ತಮಾಷೆ ಮಾಡುವುದಿಲ್ಲ, ಜೂನ್-ಜುಲೈ ತಿಂಗಳಲ್ಲಿ ಭಾಗಮಂಡಲದ ಕಡೆಯಿಂದ ದಿನಾ ಮಡಿಕೇರಿಗೆ ಓಡಾಡಿದವರಿಗೆ ಅದು ಗೊತ್ತು. ಉಳಿದ ಎರಡು ಕಾರಣಗಳನ್ನು ಮಾತ್ರ ಪಕ್ಕಕ್ಕಿಟ್ಟು ತಿರುಗುಮುರುಗಾಗಿ ಯೋಚಿಸಬೇಕು. ಮೊದಲು ಪದವಿ ಅಥವಾ ಕೆಲಸ. ಅದಕ್ಕೆ ಯಾವ ಪ್ರವೇಶ ಪರೀಕ್ಷೆ? ಆ ಪರೀಕ್ಷೆ ಯಾವ ವಿಷಯ ಕೇಳುತ್ತದೆ? ಕೊನೆಗೆ ಕಾಂಬಿನೇಷನ್. ಹದಿನಾರು ವರ್ಷದ ಮಗುವಿಗೆ ಒಂದೇ ಗುರಿ ಇರಬೇಕೆಂದಿಲ್ಲ. ಎರಡು ಮೂರು ಆಸೆ ಬರೆದುಕೊಂಡರೂ ಸಾಕು, ಅವುಗಳಿಗೆಲ್ಲ ಬೇಕಾಗುವ ವಿಷಯ ಯಾವುದೆಂದು ತಾನಾಗಿಯೇ ಕಾಣುತ್ತದೆ.

ಮೊದಲು ಚೌಕಟ್ಟು. ದ್ವಿತೀಯ ಪಿಯುಸಿಯಲ್ಲಿ ಆರು ವಿಷಯ, 600 ಅಂಕ. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ. ಆ ನಾಲ್ಕರ ಗುಂಪಿಗೇ ಕಾಂಬಿನೇಷನ್ ಎನ್ನುವುದು. ವಿಜ್ಞಾನದಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಜೊತೆಗೆ ನಾಲ್ಕನೆಯದಾಗಿ ಜೀವಶಾಸ್ತ್ರವೋ ಕಂಪ್ಯೂಟರ್ ಸೈನ್ಸೋ ಎಲೆಕ್ಟ್ರಾನಿಕ್ಸೋ ಸಂಖ್ಯಾಶಾಸ್ತ್ರವೋ ಬರುತ್ತದೆ. ವಾಣಿಜ್ಯದಲ್ಲಿ ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಲೆಕ್ಕಶಾಸ್ತ್ರದ ಜೊತೆ ಸಂಖ್ಯಾಶಾಸ್ತ್ರ ಇದ್ದರೆ ಸೆಬಾ, ಇತಿಹಾಸ ಇದ್ದರೆ ಹೆಬಾ, ಕಂಪ್ಯೂಟರ್ ಇದ್ದರೆ ಇಬಾಕ್ಸ್. ಕಲಾ ವಿಭಾಗದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಸೇರಿದರೆ ಹೆಪ್ಸ್. ಕೆಲವು ಕಡೆ ಐಚ್ಛಿಕ ಕನ್ನಡ, ಭೂಗೋಳ, ಮನಶ್ಶಾಸ್ತ್ರ ಸಿಗುತ್ತವೆ. ಪ್ರಯೋಗವಿರುವ ವಿಷಯಗಳಿಗೆ 70 ಅಂಕ ಲಿಖಿತ, 30 ಪ್ರಾಯೋಗಿಕ. ಉಳಿದವಕ್ಕೆ 80 ಲಿಖಿತ, 20 ಆಂತರಿಕ ಮೌಲ್ಯಮಾಪನ.

ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ್ದು, ಈ ನಾಲ್ಕರಲ್ಲಿ ಒಂದು ವಿಷಯ ಬಿಟ್ಟರೆ ಮುಂದೆ ಏನು ಮುಚ್ಚಿಹೋಗುತ್ತದೆ ಎಂಬುದು. ನನ್ನ ಅನುಭವದಲ್ಲಿ ಹಾಗೆ ಮುಚ್ಚಿಸುವುದರಲ್ಲಿ ಗಣಿತಕ್ಕೆ ಸಮಾನ ಬೇರೆ ಇಲ್ಲ.

ಗಣಿತ ಇಲ್ಲದೆ ಎಂಜಿನಿಯರಿಂಗ್ ಇಲ್ಲ, ಅದು ಸರಿ. ಆದರೆ ಅದು ತಲೆಹಾಕುವ ಬೇರೆ ಜಾಗಗಳನ್ನು ನೋಡಿ. ಕೊಡಗಿನ ಮನೆಗಳಲ್ಲಿ ಮಿಲಿಟರಿ ಅಂದರೆ ಬೇರೆ ಕೆಲಸದ ಹಾಗಲ್ಲ. ಕಾರ್ಯಪ್ಪ, ತಿಮ್ಮಯ್ಯ ಅವರ ಫೋಟೊ ನೇತುಹಾಕಿರುವ ಮನೆಯ ಹುಡುಗ ಎನ್‌ಡಿಎ ಪರೀಕ್ಷೆ ಬರೆದು ಸೇನಾಧಿಕಾರಿಯಾಗುತ್ತೇನೆ ಎಂದು ಆರ್ಟ್ಸ್ ಸೇರುತ್ತಾನೆ. ಭೂಸೇನೆಗೆ ಯಾವ ವಿಭಾಗದವರಾದರೂ ಅರ್ಜಿ ಹಾಕಬಹುದು ಎಂದು ಕೇಳಿರುತ್ತಾನೆ. ಅದು ನಿಜವೂ ಹೌದು. ಆದರೆ ಎನ್‌ಡಿಎ ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ 300 ಗಣಿತದ ಪತ್ರಿಕೆಗೆ. ಪಿಯುಸಿ ಮಟ್ಟದ ಗಣಿತ ಮುಟ್ಟದವನು ಅಲ್ಲಿ ಕೂತು ಏನು ಬರೆಯುತ್ತಾನೆ? ವಾಯುಸೇನೆ, ನೌಕಾಪಡೆ ಬೇಕಾದರಂತೂ ಭೌತಶಾಸ್ತ್ರ, ರಸಾಯನಶಾಸ್ತ್ರ ಮತ್ತು ಗಣಿತ ಓದಿಯೇ ಇರಬೇಕು. 2021ರಿಂದ ಹೆಣ್ಣುಮಕ್ಕಳೂ ಈ ಪರೀಕ್ಷೆ ಬರೆಯುತ್ತಿದ್ದಾರೆ, ಹಾಗಾಗಿ ಈ ಮಾತು ಅವರಿಗೂ ಅಷ್ಟೇ. ಹದಿನಾರೂವರೆಯಿಂದ ಹತ್ತೊಂಬತ್ತೂವರೆ ವರ್ಷದೊಳಗೆ ಮಾತ್ರ ಈ ಅವಕಾಶ. ಪದವಿ ಮುಗಿಸಿ ನೋಡೋಣ ಎಂದರೆ ಅದು ಬೇರೆ ಪರೀಕ್ಷೆ.

ಸಿಎ ಮಾಡುತ್ತೇನೆ ಎಂದು ಲೆಕ್ಕಕ್ಕೆ ಹೆದರಿ ವಾಣಿಜ್ಯ ಸೇರುವವರೂ ಇದ್ದಾರೆ. ಸಿಎ ಫೌಂಡೇಷನ್ನಿನ ನಾಲ್ಕು ಪತ್ರಿಕೆಗಳಲ್ಲಿ ಒಂದು ಪೂರ್ತಿ ಗಣಿತ, ತರ್ಕ, ಸಂಖ್ಯಾಶಾಸ್ತ್ರ. ಅದಕ್ಕೇ ನಾನು ಹೆಬಾಕ್ಕಿಂತ ಸೆಬಾ ಎನ್ನುತ್ತೇನೆ, ಕಾಲೇಜಿನಲ್ಲಿ ಬೇಸಿಕ್ ಮ್ಯಾಥ್ಸ್ ಇದ್ದರೆ ಅದೂ ಒಳ್ಳೆಯದೇ. ನನ್ನದೇ ವಿಷಯದ ಮಾತು ಹೇಳಬೇಕೆಂದರೆ, ದೆಹಲಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಆನರ್ಸ್ ಓದಲು ಪಿಯುಸಿ ಮಟ್ಟದಲ್ಲಿ ಗಣಿತ ಇರಲೇಬೇಕು. ಹೆಪ್ಸ್‌ನಲ್ಲಿ ಅರ್ಥಶಾಸ್ತ್ರಕ್ಕೆ 98 ತೆಗೆದ ನನ್ನ ವಿದ್ಯಾರ್ಥಿನಿಯೊಬ್ಬಳಿಗೆ ಇದು ತಿಳಿದದ್ದು ಅರ್ಜಿ ತುಂಬುವಾಗ. ತಪ್ಪು ಅವಳದ್ದಲ್ಲ, ಎರಡು ವರ್ಷ ಪಾಠ ಹೇಳಿದ ನಾನು ಹೇಳಬೇಕಿತ್ತು.

ಎರಡನೆಯದು ಜೀವಶಾಸ್ತ್ರ. ಎಂಬಿಬಿಎಸ್, ದಂತವೈದ್ಯ, ಆಯುರ್ವೇದ, ಪಶುವೈದ್ಯ, ಬಿಎಸ್ಸಿ ನರ್ಸಿಂಗ್ ಇವಕ್ಕೆ ಅದು ಬೇಕು. ನಮ್ಮ ಕಡೆ ಜೀವಶಾಸ್ತ್ರ ಬೇಕೆಂದರೆ ಸಾಮಾನ್ಯವಾಗಿ ಪಿಸಿಎಂಬಿಯೇ ಗತಿ, ಗಣಿತ ಜೊತೆಗೆ ಬಂದೇ ಬರುತ್ತದೆ.

ಹಾಗಾದರೆ ಆ ಅಪ್ಪ ಹೇಳಿದ್ದು ಸರಿಯಲ್ಲವೆ, ಪಿಸಿಎಂಬಿ ತೆಗೆದುಕೊಂಡರೆ ಎಲ್ಲ ದಾರಿಯೂ ಇರುತ್ತದಲ್ಲ? ಕಾಗದದ ಮೇಲೆ ಇರುತ್ತದೆ. ಪಿಸಿಎಂಬಿ ಮುಗಿಸಿ ಬಿಎ ಸೇರಬಹುದು, ಬಿಕಾಂ ಸೇರಬಹುದು, ಐದು ವರ್ಷದ ಕಾನೂನು ಓದಬಹುದು. ಹೆಪ್ಸ್ ಮುಗಿಸಿ ಎಂಜಿನಿಯರಿಂಗ್ ಸೇರಲಾಗದು. ಈ ಒಮ್ಮುಖ ಸಂಚಾರ ನಿಜ. ಆದರೆ ದಾರಿ ಇರುವುದು ಬೇರೆ, ನಡೆಯುವ ಕಾಲಿನಲ್ಲಿ ಶಕ್ತಿ ಇರುವುದು ಬೇರೆ. ಅಂಕ ಇಲ್ಲದ ಪಿಸಿಎಂಬಿ ಅಷ್ಟೂ ದಾರಿಗಳ ಬಾಯಲ್ಲಿ ನಿಲ್ಲಿಸಿ ಒಂದರಲ್ಲೂ ಒಳಗೆ ಬಿಡುವುದಿಲ್ಲ. ಇದನ್ನು ಮಾತಿನಲ್ಲಿ ಹೇಳಿದರೆ ಯಾರೂ ಒಪ್ಪುವುದಿಲ್ಲ, ಆದ್ದರಿಂದ ಲೆಕ್ಕ ಹಾಕಿ ತೋರಿಸುತ್ತೇನೆ.

ಎಂಜಿನಿಯರಿಂಗ್‌ಗೆ ಸಿಇಟಿ ರ್‍ಯಾಂಕ್ ಕೊಡುವಾಗ ಪಿಯುಸಿಯ ಅರ್ಧ, ಸಿಇಟಿಯ ಅರ್ಧ ಸೇರಿಸುತ್ತಾರೆ. ಸಿಇಟಿ ಎಂದರೆ ರಾಜ್ಯದ ಸಾಮಾನ್ಯ ಪ್ರವೇಶ ಪರೀಕ್ಷೆ. ಪಿಯುಸಿಯಲ್ಲಿ ಭೌತ, ರಸಾಯನ, ಗಣಿತ ಮೂರರ 300 ಅಂಕ. ಸಿಇಟಿಯಲ್ಲಿ ಅದೇ ಮೂರಕ್ಕೆ 60ರಂತೆ 180. ಒಬ್ಬ ಹುಡುಗ ಪಿಯುಸಿಯಲ್ಲಿ 285 ತೆಗೆದ, ಅಂದರೆ ಶೇ 95. ಸಿಇಟಿಯಲ್ಲಿ 72, ಅಂದರೆ ಶೇ 40. ಎರಡರ ಸರಾಸರಿ 67.5. ಇನ್ನೊಬ್ಬಳು ಪಿಯುಸಿಯಲ್ಲಿ 240, ಶೇ 80. ಸಿಇಟಿಯಲ್ಲಿ 117, ಶೇ 65. ಸರಾಸರಿ 72.5. ಊರಿನಲ್ಲಿ ಬ್ಯಾನರ್ ಕಟ್ಟಿಸಿಕೊಂಡವನು ಮೊದಲನೆಯವನು, ರ್‍ಯಾಂಕ್‌ನಲ್ಲಿ ಮುಂದೆ ನಿಂತವಳು ಎರಡನೆಯವಳು. ಪಿಯುಸಿಯಲ್ಲಿ ಎಲ್ಲರೂ ತೊಂಬತ್ತರ ಆಸುಪಾಸಿನಲ್ಲಿ ಗುಂಪುಗೂಡುತ್ತಾರೆ, ಸಿಇಟಿಯಲ್ಲಿ ಚದುರುತ್ತಾರೆ. ವ್ಯತ್ಯಾಸ ಹುಟ್ಟುವುದು ಆ ಚದುರುವಿಕೆಯಲ್ಲಿ. ಇನ್ನೊಂದು: 600ರಲ್ಲಿ 200 ಅಂಕ ಭಾಷೆಗಳದ್ದು, ಅವು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಹೆಚ್ಚು ಅಂಕ ಬರುತ್ತದೆ ಎಂದು ಕನ್ನಡ ಬಿಟ್ಟು ಬೇರೆ ಭಾಷೆಗೆ ಹಾರುವವರು ಇದನ್ನು ಒಮ್ಮೆ ನೆನೆಯಲಿ.

ನೀಟ್‌ನದ್ದು ಮತ್ತೊಂದು ಬಗೆ. ವೈದ್ಯಕೀಯಕ್ಕೆ ಸೇರಲು ಬರೆಯುವ ಈ ಪರೀಕ್ಷೆಯ 720 ಅಂಕದಲ್ಲಿ ಜೀವಶಾಸ್ತ್ರವೇ 360. ಪಿಯುಸಿ ಅಂಕ ರ್‍ಯಾಂಕಿಗೆ ಲೆಕ್ಕವಿಲ್ಲ. ಸಾಮಾನ್ಯ ವರ್ಗದವರು ಭೌತ, ರಸಾಯನ, ಜೀವಶಾಸ್ತ್ರ ಸೇರಿ ಶೇ 50, ಮೀಸಲಾತಿ ಇರುವವರು ಶೇ 40 ದಾಟಿದ್ದರೆ ಅರ್ಹತೆ ಸಿಕ್ಕಿತು. ಡಾಕ್ಟರ್ ಒಂದೇ ಎಂದು ನಿಶ್ಚಯಿಸಿದ ಮಗುವಿಗೆ ಪಿಸಿಎಂಬಿಯ ಗಣಿತ ಬರೀ ಹೊರೆ, ಬೋರ್ಡ್ ಪರೀಕ್ಷೆಯಲ್ಲಿ ಪಾಸಾದರೆ ಸಾಕು. ಡಾಕ್ಟರೂ ಇರಲಿ ಎಂಜಿನಿಯರೂ ಇರಲಿ ಎನ್ನುವ ಮಗುವಿಗೆ ಎರಡು ಬೇರೆ ಬೇರೆ ಬಗೆಯ ತಯಾರಿ ಒಟ್ಟಿಗೆ ನಡೆಯಬೇಕು. ಮಡಿಕೇರಿಯ ವೈದ್ಯಕೀಯ ಕಾಲೇಜು 2016ರಲ್ಲಿ ಶುರುವಾದ ಮೇಲೆ ಈ 'ಎರಡೂ ಇರಲಿ' ನಮ್ಮಲ್ಲಿ ಜಾಸ್ತಿಯಾಗಿದೆ. ಕಾಲೇಜು ಮನೆ ಹತ್ತಿರ ಬಂದ ಮಾತ್ರಕ್ಕೆ ಸೀಟು ಹತ್ತಿರ ಬರುವುದಿಲ್ಲ, ಅಲ್ಲಿಗೂ ನೀಟ್ ರ್‍ಯಾಂಕ್ ಮೂಲಕವೇ ಹೋಗಬೇಕು.

ಈಗ ಕಾಡು, ಮರ ಎಂದ ಹುಡುಗಿಯ ವಿಷಯ.

ಪೊನ್ನಂಪೇಟೆಯಲ್ಲಿ ಅರಣ್ಯ ಮಹಾವಿದ್ಯಾಲಯ ಇದೆ. ಶುರುವಾದದ್ದು 1995ರಲ್ಲಿ, ಈಗ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಅಡಿ. ನಾಲ್ಕು ವರ್ಷದ ಬಿಎಸ್ಸಿ ಅರಣ್ಯಶಾಸ್ತ್ರ. ಬೇರೆ ಜಿಲ್ಲೆಯ ಮಕ್ಕಳು ದೂರದಿಂದ ಬಂದು ಓದುವ ಈ ಕಾಲೇಜು ನಮ್ಮ ಅನೇಕರಿಗೆ ಬಸ್ ಸ್ಟಾಪಿನ ಹೆಸರಷ್ಟೇ. ಇದಕ್ಕೆ, ಹಾಗೆಯೇ ಬಿಎಸ್ಸಿ ಕೃಷಿ, ತೋಟಗಾರಿಕೆಗೆ ಸೇರಬೇಕೆಂದರೆ ಸಿಇಟಿಯಲ್ಲಿ ಭೌತ, ರಸಾಯನ, ಗಣಿತ, ಜೀವಶಾಸ್ತ್ರ ನಾಲ್ಕನ್ನೂ ಬರೆಯಬೇಕು. ಅಂದರೆ ಪಿಸಿಎಂಬಿ. ಹುಡುಗಿಗೆ ಕಾಡು ಬೇಕಾದರೆ ಗಣಿತದ ಮೂಲಕವೇ ಹಾದುಹೋಗಬೇಕು. ಅವಳ ಮುಖ ಸಪ್ಪಗಾಯಿತು.

ಆದರೆ ಇಲ್ಲೇ ಒಂದು ಒಳದಾರಿ ಇದೆ. ಕೃಷಿ ಸಂಬಂಧದ ಈ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆ ಬೇರೆ ಕೋಟಾ ಇದೆ. ಅದರ ರ್‍ಯಾಂಕಿಗೆ ಪಿಯುಸಿಯ ಶೇ 25, ಸಿಇಟಿಯ ಶೇ 25, ಉಳಿದ ಶೇ 50 ಒಂದು ಪ್ರಾಯೋಗಿಕ ಪರೀಕ್ಷೆಗೆ. ಬೀಜ, ಬೆಳೆ, ಗೊಬ್ಬರ, ಸಲಕರಣೆ ಇಟ್ಟು ಗುರುತಿಸಲು ಹೇಳುತ್ತಾರೆ. ಕಾಫಿ, ಕರಿಮೆಣಸು, ಏಲಕ್ಕಿಯ ನಡುವೆ ಬೆಳೆದ ಮಗುವಿಗೆ ಇದೇನು ಮಹಾ ಎನಿಸಬಹುದು. ಹಾಗೆಂದುಕೊಂಡು ಹೋದವರು ರಾಗಿ, ಸಜ್ಜೆ, ನವಣೆ ಮುಂದೆ ತಬ್ಬಿಬ್ಬಾಗಿ ಬಂದಿದ್ದಾರೆ. ನಮ್ಮ ತೋಟದ ಮಕ್ಕಳಿಗೆ ಬಯಲುಸೀಮೆಯ ಕಾಳು ಗೊತ್ತಿಲ್ಲ. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರಕ್ಕೆ, ಚೆಟ್ಟಳ್ಳಿಯ ಸಂಶೋಧನಾ ಕೇಂದ್ರಗಳಿಗೆ ರಜೆಯಲ್ಲಿ ಹೋಗಿ ಕೇಳಿ ನೋಡಿ ಬರುವುದಕ್ಕೆ ಎರಡು ವರ್ಷದ ಸಮಯವಿದೆ.

ಕೋಟಾಗಳ ಮಾತು ಬಂದದ್ದರಿಂದ ಮತ್ತೆರಡು. ಸಿಇಟಿಯಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಸೀಟುಗಳಿವೆ. ಎರಡಕ್ಕೂ ಒಂದನೇ ತರಗತಿಯಿಂದ ಹತ್ತರವರೆಗೆ ಪೂರ್ತಿ ಹತ್ತು ವರ್ಷ ಓದಿರಬೇಕು, ಮೊದಲನೆಯದಕ್ಕೆ ಗ್ರಾಮೀಣ ಪ್ರದೇಶದಲ್ಲಿ, ಎರಡನೆಯದಕ್ಕೆ ಕನ್ನಡ ಮಾಧ್ಯಮದಲ್ಲಿ. ಅಮ್ಮತ್ತಿಯಲ್ಲೋ ಶ್ರೀಮಂಗಲದಲ್ಲೋ ಐದರವರೆಗೆ ಓದಿಸಿ ಆಮೇಲೆ ಮೈಸೂರಿನ ಹಾಸ್ಟೆಲಿಗೆ ಕಳಿಸಿದ ಮನೆಗಳು ಇದನ್ನು ಕಳೆದುಕೊಂಡಿರುತ್ತವೆ, ಕಳೆದುಕೊಂಡದ್ದು ಗೊತ್ತೂ ಇರುವುದಿಲ್ಲ. ಇದ್ದವರು ಅಧ್ಯಯನ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಮಾಡಿಸಿ ಇಟ್ಟುಕೊಳ್ಳಬೇಕು. ಮಕ್ಕಳಿಲ್ಲದೆ ಬಾಗಿಲು ಹಾಕಿದ ಶಾಲೆಯಾದರೆ ದಾಖಲೆ ಯಾವ ಶಾಲೆಗೆ ಹೋಗಿದೆ ಎಂದು ಹುಡುಕುವುದೇ ಒಂದು ತಿಂಗಳು. ಪ್ರಥಮ ಪಿಯುಸಿಯ ದಸರಾ ರಜೆಯಲ್ಲಿ ಮಾಡುವ ಕೆಲಸ ಇದು, ಸಿಇಟಿ ಅರ್ಜಿಯ ಕೊನೆಯ ದಿನ ಮಾಡುವುದಲ್ಲ. ಜಾತಿ, ಆದಾಯ ಪ್ರಮಾಣಪತ್ರ ನಾಡಕಚೇರಿಯಲ್ಲಿ ಮಾಡಿಸುವಾಗ ಮಗುವಿನ ಹೆಸರು ಅಂಕಪಟ್ಟಿಯಲ್ಲಿ ಇದ್ದಂತೆಯೇ ಇದೆಯೇ ನೋಡಿ. ಮನೆತನದ ಹೆಸರು ಒಂದು ಕಡೆ ಮುಂದೆ, ಒಂದು ಕಡೆ ಹಿಂದೆ, ಇನ್ನೊಂದು ಕಡೆ ಬರೀ ಇನಿಷಿಯಲ್: ಇದು ನಮ್ಮ ಜಿಲ್ಲೆಯ ಮಾಮೂಲಿ ಕಾಯಿಲೆ.

ಪಿಯುಸಿಯೇ ಬೇಡ ಎನ್ನುವವರಿಗೆ ಡಿಪ್ಲೊಮಾ. ಇದನ್ನು ಕಡಿಮೆ ಅಂಕದವರ ದಾರಿ ಎಂದು ನೋಡುವ ರೂಢಿ ನನಗೆ ಹಿಡಿಸುವುದಿಲ್ಲ. ಕುಶಾಲನಗರದ ಸರ್ಕಾರಿ ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಓದಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು, ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರ ಸೇರಬಹುದು. ಮೂರು ಮತ್ತು ಮೂರು ಆರು. ಪಿಯುಸಿ ಎರಡು, ಬಿಇ ನಾಲ್ಕು, ಅದೂ ಆರು. ಕೈಯಲ್ಲಿ ಕೆಲಸ ಕಲಿಯುವ ಹುಡುಗನಿಗೆ ನಡುವಿನಲ್ಲಿ ನಿಂತರೂ ಒಂದು ಅರ್ಹತೆ ಇರುತ್ತದೆ. ಎಂಜಿನಿಯರಿಂಗ್ ಜಿಲ್ಲೆಯಲ್ಲೇ ಬೇಕಾದರೆ ಕುಶಾಲನಗರದ ಸರ್ಕಾರಿ ಕಾಲೇಜು, ಪೊನ್ನಂಪೇಟೆಯ ಸಿಐಟಿ ಇವೆ.

ಆರ್ಟ್ಸ್ ಬಗ್ಗೆ ನನ್ನದೊಂದು ಖಚಿತ ಅಭಿಪ್ರಾಯ ಇದೆ. ಎಲ್ಲೂ ಸೀಟು ಸಿಗದವರು ಆರ್ಟ್ಸ್ ಎನ್ನುವ ಮಾತು ನಿಲ್ಲದ ಹೊರತು ಆ ತರಗತಿಯಲ್ಲಿ ಪಾಠ ಹೇಳುವುದು ಕಷ್ಟ. ಕಾನೂನು, ಪತ್ರಿಕೋದ್ಯಮ, ಸಮಾಜಕಾರ್ಯ, ಕೆಎಎಸ್, ಶಿಕ್ಷಕ ವೃತ್ತಿ ಎಂದು ಮೊದಲೇ ಯೋಚಿಸಿ ಬಂದ ಮಗು ಹೆಪ್ಸ್‌ನಲ್ಲಿ ಎರಡು ವರ್ಷ ಮುಂದಿರುತ್ತದೆ. ಐದು ವರ್ಷದ ಕಾನೂನು ಪದವಿಗೆ ಯಾವ ವಿಭಾಗವಾದರೂ ಸರಿ. ರಾಷ್ಟ್ರೀಯ ಕಾನೂನು ಶಾಲೆ ಬೇಕಾದರೆ ಕ್ಲಾಟ್ ಬರೆಯಬೇಕು, ಅದು ಇಂಗ್ಲಿಷ್ ಓದಿನ ಪರೀಕ್ಷೆ. ಪ್ರಾಥಮಿಕ ಶಾಲೆಯ ಮೇಷ್ಟ್ರಾಗಲು ಪಿಯುಸಿ ನಂತರ ಎರಡು ವರ್ಷದ ಡಿಎಲ್‌ಎಡ್, ಅದಕ್ಕೆ ಕೂಡಿಗೆಯಲ್ಲಿ ಜಿಲ್ಲಾ ಶಿಕ್ಷಕ ತರಬೇತಿ ಸಂಸ್ಥೆ ಡಯಟ್ ಇದೆ. ಹೈಸ್ಕೂಲಾದರೆ ಪದವಿಯ ಮೇಲೆ ಬಿಎಡ್. ಅಲ್ಲಿ ಪದವಿಯಲ್ಲಿ ಓದಿದ ವಿಷಯಕ್ಕೂ ಹೇಳುವ ಪಾಠಕ್ಕೂ ತಾಳೆಯಾಗಬೇಕು, ಆದ್ದರಿಂದ ಪದವಿ ಸೇರುವಾಗಲೇ ನೇಮಕಾತಿಯ ನಿಯಮ ಓದಿಕೊಳ್ಳಿ.

ಪದವಿ ಎಷ್ಟು ವರ್ಷದ್ದು ಎಂಬ ಗೊಂದಲ ಇನ್ನೂ ಹೋಗಿಲ್ಲ. 2021-22ರಲ್ಲಿ ಹೊಸ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ವ್ಯವಸ್ಥೆ ಬಂತು, 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಅಣ್ಣ ನಾಲ್ಕು ವರ್ಷದ ಮಾತಾಡಿದ, ತಮ್ಮನಿಗೆ ಮೂರೇ ವರ್ಷ ಎಂದರೆ ಇಬ್ಬರೂ ಸರಿ. ಕೃಷಿ, ಅರಣ್ಯಶಾಸ್ತ್ರ, ನರ್ಸಿಂಗ್, ಬಿಇ ಇವು ಹಿಂದಿನಿಂದಲೂ ನಾಲ್ಕು ವರ್ಷದವೇ. ಎಂಬಿಬಿಎಸ್ ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷ ಇಂಟರ್ನ್‌ಷಿಪ್.

ಹಣದ ಲೆಕ್ಕ ಕೂಡ ಈ ಯೋಜನೆಯೊಳಗೇ ಬರಬೇಕು. ಕಾಫಿ ಕೊಯ್ದು, ಒಣಗಿಸಿ, ಮಾರಿ ಕೈಗೆ ದುಡ್ಡು ಬರುವುದು ಬೇಸಿಗೆಯ ಹೊತ್ತಿಗೆ. ಪಿಯು ಕಾಲೇಜಿನ ಫೀಸು, ಹಾಸ್ಟೆಲ್ ಮುಂಗಡ ಕೇಳುವುದು ಮೇ-ಜೂನ್‌ನಲ್ಲಿ. ತೋಟದವರಿಗೆ ಮೊದಲ ವರ್ಷ ಸುಲಭ. ಕಷ್ಟ ಕಾಣಿಸುವುದು ಎರಡನೇ ವರ್ಷ, ಕೋಚಿಂಗ್ ಫೀಸಿನ ಎರಡನೇ ಕಂತು ನವೆಂಬರಿನಲ್ಲಿ, ಕೊಯ್ಲಿನ ಕೂಲಿಯ ಜೊತೆಜೊತೆಗೇ ಬಂದಾಗ. ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರ ಮಕ್ಕಳಿಗೆ ಈ ಲೆಕ್ಕವೇ ಬೇರೆ. ಅವರಿಗೆ ಸರ್ಕಾರಿ ಪಿಯು ಕಾಲೇಜು, ಸಮಾಜ ಕಲ್ಯಾಣ ಅಥವಾ ಪರಿಶಿಷ್ಟ ವರ್ಗಗಳ ಇಲಾಖೆಯ ಹಾಸ್ಟೆಲ್, ರಾಜ್ಯ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್. ಅರ್ಜಿ ಪ್ರತಿ ವರ್ಷ ಹಾಕಬೇಕು, ಒಮ್ಮೆ ಹಾಕಿದರೆ ಮುಗಿಯಲಿಲ್ಲ. ತೋಟದ ಮಾಲೀಕರು ಇದನ್ನು ಓದುತ್ತಿದ್ದರೆ, ನಿಮ್ಮ ಲೈನಿನಲ್ಲಿ ಹತ್ತನೇ ತರಗತಿ ಮುಗಿಸಿದ ಮಗು ಇದೆಯೇ ಎಂದು ಕೇಳಿ, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ನೋಡಿ.

ಹಾಜರಿ ಶೇ 75 ಇರಲೇಬೇಕು. ಜಿಲ್ಲಾಡಳಿತ ಕೊಡುವ ಮಳೆ ರಜೆ ಎಲ್ಲರಿಗೂ ರಜೆ, ಅದರಿಂದ ತೊಂದರೆ ಇಲ್ಲ. ರಜೆ ಇಲ್ಲದ ದಿನ ರಸ್ತೆ ಮೇಲೆ ಮರ ಬಿದ್ದು ಬಸ್ ಬಾರದಿದ್ದರೆ ಅದು ಗೈರುಹಾಜರಿ. ಹಾಕಿ ಆಡುವ ಮಕ್ಕಳು ಟೂರ್ನಮೆಂಟಿಗೆ ಹೋಗುವ ಮೊದಲು ಪ್ರಾಂಶುಪಾಲರ ಅನುಮತಿಯನ್ನು ಬರಹದಲ್ಲಿ ಪಡೆದಿರಲಿ. ಪರೀಕ್ಷೆ ಕೈಕೊಟ್ಟರೆ ವರ್ಷ ಹೋಯಿತು ಎಂದುಕೊಳ್ಳಬೇಡಿ: ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಹೆಚ್ಚು ಬಂದ ಅಂಕ ಉಳಿಸಿಕೊಳ್ಳಬಹುದು. ಪ್ರಥಮ ಪಿಯುಸಿಯ ಅಂಕ ಎಲ್ಲೂ ಲೆಕ್ಕಕ್ಕಿಲ್ಲ ಎಂದು ಆ ವರ್ಷವನ್ನು ಹಾಡಿ ಕುಣಿದು ಕಳೆಯುವವರಿಗೆ ಮಾತ್ರ ಒಂದು ಮಾತು. ಸಿಇಟಿ, ನೀಟ್ ಎರಡೂ ಆ ವರ್ಷದ ಪಾಠದಿಂದಲೂ ಪ್ರಶ್ನೆ ಕೇಳುತ್ತವೆ.

ಇಷ್ಟೆಲ್ಲ ಹೇಳಿ, ಅಪ್ಪ-ಮಗಳ ಕೈಗೆ ಒಂದು ಬಿಳಿ ಹಾಳೆ ಕೊಟ್ಟೆ. ಬಲತುದಿಯಲ್ಲಿ ಮಗಳು 'ಅರಣ್ಯಶಾಸ್ತ್ರ' ಎಂದು ಬರೆದಳು, ಕೆಳಗೆ 'ಇಲ್ಲದಿದ್ದರೆ ಬಿಎಸ್ಸಿ ಸಸ್ಯಶಾಸ್ತ್ರ'. ಅದರ ಕೆಳಗೆ ಅಪ್ಪ 'ನರ್ಸಿಂಗ್' ಎಂದು ಸೇರಿಸಿದರು, ಮಗಳು ಸುಮ್ಮನಿದ್ದಳು. ಮೂರರಿಂದಲೂ ಎಡಕ್ಕೆ ಗೆರೆ ಎಳೆದರೆ ಹೋಗಿ ನಿಂತದ್ದು ಪಿಸಿಎಂಬಿಯಲ್ಲೇ. ಅಪ್ಪ ಮೊದಲು ಹೇಳಿದ ಕಡೆಗೇ. ಆದರೆ ಈಗ ಗಣಿತದಲ್ಲಿ ತನಗೆ ಬೇಕಾದದ್ದು ಎಷ್ಟು ಎಂದು ಮಗಳಿಗೆ ಗೊತ್ತಿತ್ತು: ನೂರಕ್ಕೆ ನೂರಲ್ಲ, ಕೃಷಿಕರ ಕೋಟಾದಲ್ಲಿ ಕೈಬಿಡದಷ್ಟು. ಕೋಚಿಂಗಿನ ಮಾತನ್ನು ಅಪ್ಪ ತಾವಾಗಿಯೇ ಕೈಬಿಟ್ಟರು.

"ಹಾಗಾದ್ರೆ ಕೃಷಿಕರ ಕೋಟಾಕ್ಕೆ ಪಹಣಿ ಬೇಕಲ್ಲ ಸಾರ್" ಎಂದು ಎದ್ದುನಿಂತವರು ಮತ್ತೆ ಕೂತರು. "ನಮ್ದು ಜಮ್ಮ. ಪಹಣಿ ಇರೋದು ಪಟ್ಟೇದಾರರ ಹೆಸರಲ್ಲಿ, ದೊಡ್ಡಪ್ಪಂದು. ಅವರು ಹೋಗಿ ಆರು ವರ್ಷ ಆಯ್ತು."

ವಂಶಪಾರಂಪರ್ಯವಾಗಿ ಬಂದ ಜಮ್ಮ ಹಿಡುವಳಿಯಲ್ಲಿ ಒಕ್ಕದ, ಅಂದರೆ ಮನೆತನದ, ಹಿರಿಯ ಪಟ್ಟೇದಾರರ ಹೆಸರಿನಲ್ಲಿ ಪಹಣಿ ನಿಂತಿರುವುದು ನಮ್ಮಲ್ಲಿ ಹೊಸತಲ್ಲ. ಮಗು ಹತ್ತನೇ ತರಗತಿ ಮುಗಿಸಿದ ವರ್ಷವೇ ಇದು ನೆನಪಾಗಿದ್ದು ಪುಣ್ಯ. ಸಿಇಟಿ ದಾಖಲೆ ಪರಿಶೀಲನೆಗೆ ಇನ್ನೂ ಎರಡು ವರ್ಷ ಇತ್ತು. ಸೋಮವಾರವೇ ಮಡಿಕೇರಿ ತಾಲ್ಲೂಕು ಕಚೇರಿಗೆ ಹೋಗುತ್ತೇನೆ ಅಂದರು, ಛತ್ರಿ ಬಿಚ್ಚಿದರು. ಮಗಳು ಹಾಳೆಯನ್ನು ನಾಲ್ಕಾಗಿ ಮಡಿಸಿ ರೇನ್‌ಕೋಟಿನ ಒಳಜೇಬಿಗೆ ಹಾಕಿಕೊಂಡಳು.